ಜಗಲಿ ದಾಟಿದ ನೆಟ್ಟು

ಹೊನ್ನೂರಸ್ವಾಮಿಗೆ ಹೆಂಡವಿಲ್ಲ, ಇಸ್ಪೀಟಿಲ್ಲ. ಹುಚ್ಚು ಅಂತಿದ್ದರೆ ಅದೊಂದೇ, ಇಂಟರ್ನೆಟ್ಟಿನ ಡಬ್ಬಿಗಳದ್ದು. ಕುದಾಪುರದ ಒಂದು ಕ್ಯಾಂಪಸ್ಸಿನಲ್ಲಿ ಕರೆಂಟಿನ ಕೆಲಸ ಮುಗಿಸಿ ಸಂಜೆ ಹಟ್ಟಿಗೆ ಬಂದರೆ ಮನೆಯಲ್ಲಿ ಅವನೊಬ್ಬನೇ. ಮದುವೆ ಕೂಡಿ ಬರಲಿಲ್ಲ. ಅವ್ವ ಮುದ್ದಕ್ಕ ತೀರಿಕೊಂಡ ಮೇಲೆ, ಉಂಡ ತಟ್ಟೆ ಬೆಳಗಿನವರೆಗೆ ಅಲ್ಲೇ ಬಿದ್ದಿದ್ದರೂ ಯಾಕೋ ಅನ್ನೋರಿಲ್ಲ.

ಆದರೆ ಸಂಜೆ ಹೊತ್ತು ಅವನ ಜಗಲಿ ತುಂಬುತ್ತಿತ್ತು ನೋಡಿ. ಆ ಹಟ್ಟಿಯಲ್ಲಿ ಫೋನಿಗೆ ಸಿಗ್ನಲ್ ಬೇಕಂದರೆ ನೀರಿನ ಟ್ಯಾಂಕ್ ಹತ್ತಬೇಕು. ರೋಡಿನ ಕೇಬಲ್ಲಿಂದ ಕನೆಕ್ಷನ್ ಎಳೆಸಿಕೊಂಡವನು ಸ್ವಾಮಿ ಒಬ್ಬನೇ. ಅವನ ಹಳೇ ರೌಟರ್ ಬಡಕಲು, ಅದರ ವೈಫೈ ಜಗಲಿ ಅಂಚಿಗೆ ಬರೋದರೊಳಗೆ ಸುಸ್ತು. ಹಂಗಾಗಿ ಎಲ್ಲರೂ ಜಗಲಿಗೇ ಬರಬೇಕು. ಕುರಿ ದೊಡ್ಡಿಗೆ ಕೂಡಿ ಓಬಯ್ಯ ಬರುತ್ತಿದ್ದ, ಟಗರು ಕಾಳಗದ ವಿಡಿಯೋ ನೋಡಲಿಕ್ಕೆ. ಪಾಪಕ್ಕ ಬರುತ್ತಿದ್ದಳು, ಮೊಳಕಾಲ್ಮೂರಿನಲ್ಲಿ ಸೀರೆ ನೇಯೋರ ಮನೆ ಸೇರಿದ ಮಗಳು ವನಜಾಕ್ಷಿಯ ಮುಖ ನೋಡಲಿಕ್ಕೆ. ಸ್ವಾಮಿ ಟೀ ಕಾಸುತ್ತಿದ್ದ. ಅವರು ಫೋನ್ ನೋಡುತ್ತಿದ್ದರು, ಅವನು ಅವರನ್ನು ನೋಡುತ್ತಿದ್ದ. ಅಷ್ಟೇ ಸಾಕಿತ್ತು ಅವನಿಗೆ.

ಕೆಡಿಸಿದ್ದು ಓಬಯ್ಯನ ಬಾಯಿ. "ಲೇ ಸ್ವಾಮಿ, ಡಬ್ಬಿ ಡಬ್ಬಿ ಅಂತ ಸಾಯ್ತೀಯ, ನಿನ್ನ ನೆಟ್ಟು ನಮ್ಮ ಹುಣಸೆ ಮರದ ತಂಕನೂ ಬರಲ್ವಲ್ಲೋ!" ಅಂತ ಎಲ್ಲರ ಮುಂದೆ ನಕ್ಕುಬಿಟ್ಟ.

ಸ್ವಾಮಿಗೆ ಉರಿದುಹೋಯಿತು. ಮರುವಾರವೇ ಚಳ್ಳಕೆರೆ ಕೊರಿಯರ್ ಆಫೀಸಿಗೆ ಹೊಸ ರೌಟರ್ ತರಿಸಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದ. ಅದೇನು ಪ್ಲಗ್ ಚುಚ್ಚಿದ ಕೂಡಲೇ ಚಾಲೂ ಆಗೋ ಜಾತಿಯಲ್ಲ. ಅದಕ್ಕೆ ಬೇಕಾದ ಸಾಫ್ಟ್‌ವೇರನ್ನು ನಾವೇ ತುಂಬಬೇಕು. ಭಾನುವಾರ ಬೆಳಗ್ಗೆ ಅವಸರಕ್ಕೆ ಬಿದ್ದು ಬೇರೆ ಮಾಡೆಲ್ಲಿನ ಫೈಲ್ ತುಂಬಿದ, ಡಬ್ಬಿ ಉಸಿರಿಲ್ಲದೆ ಮಲಗಿತು. ಅಯ್ಯೋ ಅವ್ವಾ ಅಂತ ತಲೆ ಮೇಲೆ ಕೈಹೊತ್ತು ಕೂತ. ಕೊನೆಗೆ ಡಬ್ಬಿ ಹಿಂಬದಿಯ ತೂತಿಗೆ ಪಿನ್ನು ಒತ್ತಿ ಹಿಡಿದು, ಕರೆಂಟು ಕೊಟ್ಟು, ಸರಿಯಾದ ಫೈಲ್ ಹಾಕಿದ ಮೇಲೆ ಹಸಿರು ದೀಪ ಮಿಣುಕಿತು. ಎದ್ದು ಚಪ್ಪಾಳೆ ತಟ್ಟಿದ, ಕೇಳೋರು ಯಾರೂ ಇರಲಿಲ್ಲ.

ಒಂದೇ ಡಬ್ಬಿಯಲ್ಲಿ ಎರಡು ವೈಫೈ ಮಾಡಿದ. ಒಂದು ತನಗೆ. ಇನ್ನೊಂದು ಜಗಲಿಯವರಿಗೆ, ಅದಕ್ಕೆ 'ಬಂದೋರು' ಅಂತ ಹೆಸರಿಟ್ಟ. ಮಾಳಿಗೆ ಮೇಲೆ ಪೈಪು ನಿಲ್ಲಿಸಿ ಆಂಟೆನಾ ಕಟ್ಟಿದ. ಹುಣಸೆ ಮರವೇನು, ಹಟ್ಟಿಯ ಕೊನೇ ಗುಡಿಸಲಿಗೂ ನೆಟ್ಟು ಮುಟ್ಟಿತು. "ಗೆದ್ದೆ ಬಿಡಲೇ!" ಅಂತ ಓಬಯ್ಯ ಮರದಡಿಯಿಂದಲೇ ಕೂಗಿದ. ಸ್ವಾಮಿ ಬೀಗಿಹೋದ.

ಸಂಜೆ ಜಗಲಿ ಗುಡಿಸಿ ಚಾಪೆ ಹಾಸಿದ. ಯಾರೂ ಬರಲಿಲ್ಲ. ಯಾಕೆ ಬಂದಾರು? ಅವರವರ ಮನೆಯಲ್ಲೇ ನೆಟ್ಟು ಬರುತ್ತಿತ್ತಲ್ಲ! ಒಳಗೆ ಹೋಗಿ ಲ್ಯಾಪ್‌ಟಾಪ್ ತೆರೆದರೆ 'ಬಂದೋರು' ಕೆಳಗೆ ಓಬಯ್ಯ, ಪಾಪಕ್ಕ, ಎಲ್ಲರ ಫೋನೂ ಹತ್ತಿದ್ದವು. ಚಾಪೆ ಹಂಗೇ ಖಾಲಿ ಇತ್ತು.

ದಿನಾ ಇದೇ ಆಯಿತು. ಒಂದಿನ ಅವನಿಗೆ ರೇಗಿತು. ಇದಕ್ಕೇನಾ ನಾನು ಇಷ್ಟು ಒದ್ದಾಡಿದ್ದು ಅಂತ ರೌಟರಿನ ಪವರ್ ಇಳಿಸಿದ. ಇಳಿಸಿ ಇಳಿಸಿ, ವೈಫೈ ಮತ್ತೆ ಜಗಲಿ ಅಂಚಿಗೇ ನಿಲ್ಲುವಂತೆ ಮಾಡಿದ. ಚಾಪೆ ಹಾಸಿ, ಹಾಲು ತಂದು ಕಾದ.

ಓಬಯ್ಯ ಕುರಿ ಹೊಡಕೊಂಡು ಪರಶುರಾಂಪುರದ ಕಡೆ ಹೋಗಿದ್ದ. ಬಂದವಳು ಪಾಪಕ್ಕ. ಹೊಸ ಸೀರೆ ಉಟ್ಟಿದ್ದಳು, ಅಂಚಿಗೆ ಕೆಸರು.

"ಬಾ ಪಾಪಕ್ಕಾ, ಬಾ! ಎಷ್ಟು ದಿನ ಆಯ್ತು! ಕೂತ್ಕ, ಟೀ ಇಡ್ತೀನಿ," ಅಂದ ಸ್ವಾಮಿ. ಅವನ ಮುಖ ಅರಳಿತ್ತು.

"ನಿನ್ನ ನೆಟ್ಟಿಗೇನಾಗೈತೋ ಸ್ವಾಮಿ? ಮಧ್ಯಾಹ್ನದಿಂದ ಬರೇ ಸುತ್ತುತೈತೆ." ಅವಳು ಉಸ್ಸಂತ ಕೂತು ಮಂಡಿ ಒತ್ತಿಕೊಂಡಳು. "ಚರಂಡಿ ಕಲ್ಲು ಕಿತ್ತೈತೆ, ಅಲ್ಲಿ ಮುಗ್ಗರಿಸಿದೆ. ಇವತ್ತು ವನಜಾಕ್ಷಿ ಮಗೀನ ತೊಟ್ಲಿಗೆ ಹಾಕ್ತಾರೆ ಕಣಪ್ಪ. ಈ ಮಂಡಿನೋವು ಕಟ್ಕಂಡು ಬಸ್ಸು ಹತ್ತಕ್ಕಾಗಲಿಲ್ಲ."

"ಇಲ್ಲಿ ಬರುತ್ತಲ್ಲಕ್ಕಾ, ಇಲ್ಲೇ ಕುಂತು ನೋಡು."

"ನಾನು ನೋಡ್ತೀನಿ. ನಮ್ಮ ಯಜಮಾನ?" ಅವಳ ಗಂಡ ದಾಸಣ್ಣನಿಗೆ ಕಾಲು ಬಿದ್ದುಹೋಗಿ ವರ್ಷವಾಗಿತ್ತು. "ಮೊಮ್ಮಗಳ ಹೆಸರು ಕಿವಿಯಾರೆ ಕೇಳಬೇಕು ಅಂತ ಗ್ವಾಡೆಗೆ ಒರಗಿ ಕುಂತೈತೆ. ಗಡ್ಡ ಬ್ಯಾರೆ ಮಾಡಿಸ್ಕಂಡೈತೆ. ನೆಟ್ಟು ಬಂದಾಗಿಂದ ಅದರ ಮಖದಾಗೆ ನಗು ಕಂಡೆ ನೋಡು. ನಿನ್ನ ಹೊಟ್ಟೆ ತಣ್ಣಗಿರಲಪ್ಪ."

ಸ್ವಾಮಿಗೆ ಆ ಹಾರೈಕೆ ಚುಚ್ಚಿತು. ಎದುರಿಗೆ ನಿಲ್ಲಲಾರದೆ ಒಳಗೆ ಹೋದ. ಒಲೆ ಮೇಲೆ ಇಬ್ಬರ ಟೀ ಕುದಿಯುತ್ತಿತ್ತು. ಉರಿ ಸಣ್ಣ ಮಾಡಿ ಲ್ಯಾಪ್‌ಟಾಪ್ ತೆರೆದ. ಆಮೇಲೆ ಪವರ್ ಪೂರಾ ಏರಿಸಿ ಹೊರಗೆ ಬಂದ.

"ಸರಿಯಾಯ್ತಕ್ಕಾ. ಮನೇಲೇ ಬರುತ್ತೆ, ಹೋಗು."

"ಹೌದೇನೋ! ಟೀ ನಾಳೆ ಕುಡಿತೀನಿ ಬಿಡು." ಅವಳು ಮಂಡಿ ಹಿಡಿದುಕೊಂಡೇ ದಡಬಡ ಎದ್ದು ಹೊರಟಳು.

ಸ್ವಾಮಿ ಲ್ಯಾಪ್‌ಟಾಪಿನ ಮುಂದೆ ಕೂತ. ಪಾಪಕ್ಕನ ಹೆಸರಿನ ಪಕ್ಕ ಸಿಗ್ನಲ್ಲಿನ ಕಡ್ಡಿಗಳು ತುಂಬಿದ್ದವು. ಅವಳು ದೂರ ಹೋದಂಗೆಲ್ಲ ಒಂದೊಂದಾಗಿ ಇಳಿದವು. ಚರಂಡಿ ಹತ್ತಿರ ಅನ್ನೋ ಹೊತ್ತಿಗೆ ಅಲ್ಲಾಡದೆ ನಿಂತವು. "ನಿಧಾನಕ್ಕಾ, ಕಲ್ಲು ಕಿತ್ತೈತೆ," ಅಂದ ಪರದೆಗೆ. ಮತ್ತೊಂದು ಕಡ್ಡಿ ಇಳಿಯಿತು. ಸ್ವಲ್ಪ ಹೊತ್ತಿಗೆ ಅವಳ ಹೆಸರಿನ ಮುಂದಿನ ಡೇಟಾ ಅಂಕಿಗಳು ಓಡತೊಡಗಿದವು. ವಿಡಿಯೋ ಹತ್ತಿತ್ತು.

"ಮನೆ ಮುಟ್ಟಿದಳು," ಅಂದುಕೊಂಡ. ಟೀ ಸೋಸಿ ಎರಡು ಲೋಟಕ್ಕೆ ಬಗ್ಗಿಸಿ, ಎರಡನ್ನೂ ತನ್ನ ಮುಂದೆ ಇಟ್ಟುಕೊಂಡ. ಮೊಳಕಾಲ್ಮೂರಿನ ತೊಟ್ಟಿಲು, ಹಾಡು, ಮಗುವಿನ ಅಳು, ಎಲ್ಲವೂ ಅವನ ಡಬ್ಬಿಯೊಳಗಿಂದಲೇ ದಾಟಿ ಹೋಗುತ್ತಿತ್ತು. ಅವನಿಗೆ ಕಾಣುತ್ತಿದ್ದದ್ದು ಅಂಕಿ ಮಾತ್ರ.

ಅಂಕಿಗಳು ನಿಂತ ಮೇಲೆ, "ಏನಂತ ಹೆಸರಿಟ್ರಕ್ಕಾ?" ಅಂತ ಜೋರಾಗೇ ಕೇಳಿದ. ಆಮೇಲೆ ಎರಡನೇ ಲೋಟವನ್ನೂ ತಾನೇ ಎತ್ತಿಕೊಂಡ.