ನಾಜಮೀನ್ ಮತ್ತು ಶಿವಾನಿಯ ನಡುವೆ

ರೋಹಿಣಿಗೂ ನನಗೂ ಜಗಳವಾಗುತ್ತಿದ್ದುದು ಆಪರೇಟಿಂಗ್ ಸಿಸ್ಟಮ್‌ಗಳ ಬಗ್ಗೆ ಮಾತ್ರ. ಜಗಳಕ್ಕೆ ಬೇರೆ ವಿಷಯಗಳಿರಲಿಲ್ಲವೆಂದಲ್ಲ. ಇದ್ದವು, ಅವನ್ನು ನಾವು ಮುಟ್ಟುತ್ತಿರಲಿಲ್ಲ. ಅವಳು ಕುಬೇರಪ್ಪ ಗೌಡರ ಮಗಳು. ನಾನು ಅವರ ಹೊಲದಲ್ಲಿ ಕಡಲೆ ಕೀಳಲು ಹೋಗುತ್ತಿದ್ದ ಹುಲಿಗೆಪ್ಪನ ಮಗಳು. ಮೊರಬದ ಮೇಲೆ ಹಾದು ಧಾರವಾಡಕ್ಕೆ ಹೋಗುವ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕುಳಿತು ಬಿಸಿಎ ಮುಗಿಸಿದೆವು. ಸಂಜೆ ಊರಲ್ಲಿ ಇಳಿದ ಮೇಲೆ ಅವಳು ಬಲಕ್ಕೆ ಹೋಗುತ್ತಿದ್ದಳು, ನಾನು ಎಡಕ್ಕೆ.

ಅದಕ್ಕೂ ಮೊದಲು, ಹೈಸ್ಕೂಲಿನಲ್ಲಿ, ಯಾರೋ ದಾನ ಕೊಟ್ಟ ಒಂದು ಕಂಪ್ಯೂಟರ್ ಇತ್ತು. ವಿಂಡೋಸ್ 98. ಹಚ್ಚಿದರೆ ಹೆಸರು, ಪಾಸ್‌ವರ್ಡ್ ಕೇಳುತ್ತಿತ್ತು. ಪಾಸ್‌ವರ್ಡ್ ಹೆಡ್‌ಮಾಸ್ತರರಿಗೆ ಮಾತ್ರ ಗೊತ್ತು. ಒಂದು ಮಧ್ಯಾಹ್ನ ರೋಹಿಣಿ ಸುಮ್ಮನೆ ಕ್ಯಾನ್ಸಲ್ ಒತ್ತಿದಳು, ಅದು ತೆರೆದುಕೊಂಡಿತು. ಆ ಬೀಗ ಬೀಗವೇ ಆಗಿರಲಿಲ್ಲ, ಅದನ್ನು ಮಾಡಿದವರೇ ಹಾಗೆ ಮಾಡಿದ್ದರು. ಅವಳು ನಗುತ್ತ ನನ್ನನ್ನು ಹತ್ತಿರ ಕರೆದಳು. ನಾನು ಬಾಗಿಲ ಕಡೆ ನೋಡುತ್ತ ನಿಂತಿದ್ದೆ. ಕ್ಯಾನ್ಸಲ್ ಒತ್ತಿದರೆ ತೆರೆಯುವ ಬಾಗಿಲುಗಳು ಅವಳಿಗೆ ಬಹಳ ಇದ್ದವು.

ಆಮೇಲೆ ಎಕ್ಸ್‌ಪಿ ಬಂತು. ಅದರ ಪರದೆಯ ಹಸಿರು ಗುಡ್ಡ ಅವಳಿಗೆ ಬಹಳ ಇಷ್ಟ. ನಮ್ಮ ಎರೆ ನೆಲದಲ್ಲಿ ಕಣ್ಣು ಹೋಗುವಷ್ಟು ದೂರಕ್ಕೂ ಒಂದು ದಿಬ್ಬವಿಲ್ಲ. ನನ್ನ ಕಣ್ಣು ಹೋಗುತ್ತಿದ್ದುದು ಮೂಲೆಯಲ್ಲಿ 'ಮೈ ಕಂಪ್ಯೂಟರ್' ಎಂದು ಬರೆದ ಚಿತ್ರದ ಮೇಲೆ. ನನ್ನ ಕಂಪ್ಯೂಟರ್ ಎನ್ನುವ ಆ 'ನಾನು' ಯಾರು? ಒಬ್ಬ ಮನುಷ್ಯ, ಒಂದು ಮೇಜು, ಒಂದು ಯಂತ್ರ ಎಂದು ಎಣಿಸಿಕೊಂಡವರು ಕಟ್ಟಿದ್ದು ಅದು. ಎರಡನೆಯವರು ಬಂದರೆ ಅತಿಥಿಯಾಗಿಯೇ ಬರಬೇಕು.

ವಿಂಡೋಸಿನ ಬದಲು ಯಾರೂ ಪುಕ್ಕಟೆ ಹಾಕಿಕೊಳ್ಳಬಹುದಾದ ಲಿನಕ್ಸಿನ, ಅದರ ಹಿರಿಯ ಯುನಿಕ್ಸಿನ ಕಥೆಯನ್ನು ನಾನು ಕಾಲೇಜಿನಲ್ಲಿ ಓದಿದೆ. ಯಂತ್ರಗಳು ಕೋಣೆಯಷ್ಟು ದೊಡ್ಡವಾಗಿದ್ದ, ತಲೆಗೊಂದು ಕೊಳ್ಳಲಾಗದ ಕಾಲದಲ್ಲಿ ಯುನಿಕ್ಸ್ ಹುಟ್ಟಿತು. ಒಂದನ್ನೇ ಅನೇಕರು ಹಂಚಿಕೊಳ್ಳಬೇಕಿತ್ತು. ಆದ್ದರಿಂದ ಪ್ರತಿಯೊಬ್ಬರಿಗೂ ಒಂದು ಹೆಸರು, ಒಂದು ಬೀಗ, ತನ್ನದೇ ಒಂದು ಜಾಗ. ಆ ಜಾಗಕ್ಕೆ ಅವರು ಇಟ್ಟ ಹೆಸರು 'ಹೋಮ್'. ನನ್ನ ಪಾಲಿಗೆ ಅದು ಬರಿಯ ಪಾಠವಾಗಿ ಉಳಿಯಲಿಲ್ಲ. ಬಸ್ಸಿನಲ್ಲಿ ರೋಹಿಣಿಗೆ ಅದನ್ನೇ ಹೇಳುತ್ತಿದ್ದೆ.

"ಲೇ ಸುಮಾ, ಮನಿ ಅಂದ ಮ್ಯಾಲೆ ಬಾಗಲಾ ಎಲ್ಲೈತಿ ಅಂತ ಕಾಣಬೇಕ. ನಿನ್ನ ಲಿನಕ್ಸಿನ್ಯಾಗ ಬಾಗಲಾ ಹುಡುಕೂದ್ರಾಗ ಹೊತ್ತ ಮುಳುಗತೈತಿ" ಎನ್ನುತ್ತಿದ್ದಳು.

"ಮುಳುಗಲಿ. ಒಳಗ ಹೋದ ಮ್ಯಾಲೆ ಮನಿ ನಂದ ಇರ್ತೈತಿ."

"ನಿಂದೆಲ್ಲಿ ಬಂತು? ಅಲ್ಲೂ ಒಬ್ಬ ಗೌಡ ಅದಾನ. ರೂಟ್ ಅಂತ ಹೆಸರು, ಅಷ್ಟ. ಎಲ್ಲಾರ ಮನಿ ಒಳಗೂ ಕೇಳದ ಹೊಕ್ಕತಾನ."

ಅವಳು ಗೆದ್ದ ಖುಷಿಯಲ್ಲಿ ಹುರಿಗಡಲೆಯ ಪೊಟ್ಟಣ ನನ್ನ ಕಡೆ ಚಾಚುತ್ತಿದ್ದಳು. ಊರ ಹತ್ತಿರ ಬಂದಂತೆ ಅದನ್ನು ಚೀಲದೊಳಗೆ ಇಟ್ಟುಕೊಳ್ಳುತ್ತಿದ್ದಳು. ಬೇಕೆಂದು ಮಾಡುತ್ತಿದ್ದಳೆಂದು ನನಗೆ ಅನಿಸಿಲ್ಲ.

ಮೂರು ವರ್ಷದ ಹಿಂದೆ ಡೆಂಗಿ ಬಂದು ರೋಹಿಣಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ಕುಬೇರಪ್ಪ ಗೌಡರು ಅವಳ ಹೆಸರಿನಲ್ಲಿ ಊರ ವಾಚನಾಲಯಕ್ಕೆ ನಾಲ್ಕು ಕಂಪ್ಯೂಟರ್ ಕೊಟ್ಟರು. ಯಾವುದೋ ಆಫೀಸು ಬಳಸಿ ಬಿಟ್ಟ ಯಂತ್ರಗಳು, ವಿಂಡೋಸ್ 10 ಹಾಕಿದ್ದವು. ಹಚ್ಚಿದರೆ ರೋಹಿಣಿಯ ಫೋಟೋ ಬರುತ್ತಿತ್ತು. ಕೆಳಗೆ ಎರಡು ಹೆಸರು: ಒಂದು 'ರೋಹಿಣಿ', ಇನ್ನೊಂದು 'ವಿಸಿಟರ್'. ರೋಹಿಣಿಯ ಪಾಸ್‌ವರ್ಡ್ ಅವಳ ತಮ್ಮ ಹೇಮಂತನ ಹತ್ತಿರ ಇತ್ತು. ವಾಚನಾಲಯ ನೋಡಿಕೊಳ್ಳುವ ಕೆಲಸ ನನ್ನದು. ನಾನೂ ವಿಸಿಟರ್, ಬರುವ ಹುಡುಗಿಯರೂ ವಿಸಿಟರ್.

ಒಬ್ಬಳು ಬರೆದಿಟ್ಟದ್ದನ್ನು ಇನ್ನೊಬ್ಬಳು ತಿಳಿಯದೆ ಅಳಿಸುತ್ತಿದ್ದಳು. ಯಾರದೋ ಪೆನ್‌ಡ್ರೈವಿನಿಂದ ವೈರಸ್ ಬಂದು ನಾಜಮೀನಳ ಕಾಲೇಜಿನ ಪ್ರಾಜೆಕ್ಟ್ ಪೂರ್ತಿ ಹೋಯಿತು. ಅವಳು ಅಳಲಿಲ್ಲ, ಖಾಲಿ ಪರದೆಯ ಮುಂದೆ ಕೈಕಟ್ಟಿ ಕುಳಿತಿದ್ದಳು. ಕಳೆದ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೆ ಕಂಪನಿಯ ಆಸರೆ ನಿಂತಿತು. ಹನ್ನೊಂದನ್ನು ಹಾಕಲು ನೋಡಿದರೆ, ಈ ಯಂತ್ರ ಅದಕ್ಕೆ ಯೋಗ್ಯವಲ್ಲ ಎಂದು ಬಂತು. ನಡೆಯುತ್ತಿರುವ ಯಂತ್ರಕ್ಕೆ, ಎದುರಿಗೆ ಕುಳಿತು ದುಡಿಯುತ್ತಿರುವವರಿಗೆ, ಹಾಗೆ ಹೇಳುವ ವ್ಯವಸ್ಥೆಯನ್ನು ನಾನು ಮೆಚ್ಚಲಾರೆ. ರೋಹಿಣಿ ಇದ್ದಿದ್ದರೆ ಅದನ್ನೂ ಸಮರ್ಥಿಸುತ್ತಿದ್ದಳು.

ನಾನು ಗೌಡರ ಮನೆಗೆ ಹೋಗಿ ಕಟ್ಟೆಯ ಕೆಳಗೆ ನಿಂತು ಕೇಳಿದೆ.

"ಗೌಡ್ರ, ಕಂಪ್ಯೂಟರಿನ ಒಳಗಿನ ಸಿಸ್ಟಮ್ ಬದಲಿ ಮಾಡಬೇಕಾಗೈತ್ರಿ. ಹಳೇದು ಇನ್ನ ನಡ್ಯಂಗಿಲ್ಲ."

"ಅಕಿ ಫೋಟೋ ಹೋಗತೈತೇನ?"

"ಇಲ್ರಿ. ಫೋಟೋನೂ ಇರ್ತೈತಿ, ಹೆಸರೂ ಇರ್ತೈತಿ."

"ಹಂಗಿದ್ರ ಮಾಡವಾ. ನನಗಿಂತ ಸುಮಾನ ಶಾಣ್ಯಾಕಿ ಅಂತ ಅಕೀನ ಅಂತಿದ್ಲು." ಅವರು ಮುಖ ಆಚೆ ತಿರುಗಿಸಿದರು. "ಹೆಸರು ಮಾತ್ರ ಇರ್ಲಿ. ಊರಾಗ ಅಕಿ ಹೆಸರು ಅಂತ ಉಳದದ್ದು ಅದೊಂದ."

ಭಾನುವಾರ ನಾಲ್ಕೂ ಯಂತ್ರಗಳಿಗೆ ಲಿನಕ್ಸ್ ಹಾಕಿದೆ. ಮೊದಲು ಹೇಮಂತನಿಂದ ಪಾಸ್‌ವರ್ಡ್ ಪಡೆದು, ರೋಹಿಣಿಯ ಖಾತೆಯಲ್ಲಿದ್ದ ಅವಳ ಫೋಟೋಗಳನ್ನು ಪೆನ್‌ಡ್ರೈವಿಗೆ ತೆಗೆದುಕೊಂಡೆ. ನನ್ನ ಹೆಸರಿನ ಖಾತೆ ಮಾಡಿದೆ, ರೂಟ್‌ನ ಕೀಲಿಯೂ ನನ್ನ ಕೈಯಲ್ಲೇ. ಆಮೇಲೆ ವಾಚನಾಲಯಕ್ಕೆ ಬರುವ ಖುಷ್ಬೂಗೆ, ನಾಜಮೀನಳಿಗೆ. ಆಮೇಲೆ ರೋಹಿಣಿಗೆ. ಅವಳ ಖಾತೆಗೆ ಪಾಸ್‌ವರ್ಡ್ ಇಡಲಿಲ್ಲ. ಪಾಸ್‌ವರ್ಡ್ ಇಡದ ಖಾತೆಯೊಳಗೆ ರೂಟ್ ಬಿಟ್ಟರೆ ಇಲ್ಲಿ ಯಾರೂ ಹೋಗಲಾರರು. ಖಾತೆ ಮಾಡಿದ ಕೂಡಲೇ ಯಂತ್ರ ಅವಳಿಗೂ ಒಂದು ಮನೆ ಕಟ್ಟಿತು. ನಾನು ಆ ಮನೆಯಲ್ಲಿ ಅವಳ ಫೋಟೋಗಳನ್ನಿಟ್ಟೆ. ಕೊನೆಗೆ ನಮ್ಮ ಓಣಿಯ ಶಿವಾನಿಗೆ ಒಂದು ಖಾತೆ.

ಅಂದು ಸಂಜೆ ಖುಷ್ಬೂ ತನ್ನ ಹೆಸರಿನ ಮೇಲೆ ಒತ್ತಿ, ತಾನೇ ಆರಿಸಿದ ಪಾಸ್‌ವರ್ಡನ್ನು ನಗುತ್ತ ನನ್ನಿಂದ ಕೈ ಮರೆಮಾಡಿ ಬರೆದಳು.

"ಅಕ್ಕಾ, ನಿಮಗ ನೋಡಾಕ ಬರ್ತೈತೇನ್ರಿ ನಂದು?"

"ಬರ್ತೈತಿ. ನೋಡೂದಿಲ್ಲ."

"ನೋಡಿದ್ರ ಗೊತ್ತಾಕ್ಕೈತಿ ನನಗ" ಎಂದಳು. ಗೊತ್ತಾಗುವುದಿಲ್ಲ. ಆದರೂ ನಾನು ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಕುಬೇರಪ್ಪ ಗೌಡರು ಬಂದರು, ಹಿಂದೆ ಹೇಮಂತ. ಗೌಡರ ಹಣೆಯ ಮೇಲಿನ ವಿಭೂತಿ ಇನ್ನೂ ಹಸಿಯಾಗಿತ್ತು. ಕುರ್ಚಿ ಸರಿಸಿದೆ, ಕುಳಿತುಕೊಳ್ಳಲಿಲ್ಲ. ಯಂತ್ರ ಹಚ್ಚಿದೆ. ಪರದೆ ತುಂಬ ರೋಹಿಣಿಯ ಮುಖ ಬಂತು. ಗೌಡರ ಮುಖ ಒಂದು ಕ್ಷಣ ಸಡಿಲಾಯಿತು. ಆಮೇಲೆ ಮುಖದ ಪಕ್ಕದಲ್ಲಿದ್ದ ಹೆಸರುಗಳ ಮೇಲೆ ಬೆರಳಿಟ್ಟು ಓದತೊಡಗಿದರು.

"ಖುಷ್ಬೂ. ನಾಜಮೀನ್. ರೋಹಿಣಿ." ಬೆರಳು ಅಲ್ಲಿ ನಿಂತು, ಮುಂದೆ ಹೋಯಿತು. "ಶಿವಾನಿ. ಯಾರ ಮಗಳು ಇಕಿ?"

"ನಮ್ಮ ಓಣಿಯಾಕೀರಿ. ರೇಣುಕವ್ವನ ಮೊಮ್ಮಗಳು."

"ಸುಮಂಗಲಾ. ನೀನು." ಬೆರಳನ್ನು ತೆಗೆದರು. "ಹಿಂಗ ಸಾಲಾಗಿ ಇಟ್ಟವ್ರು ಯಾರು?"

"ಯಾರೂ ಇಟ್ಟಿಲ್ರಿ. ಅಕ್ಷರಮಾಲಿ ಹೆಂಗೈತಿ ಹಂಗ ತಾನ ಕುಂದ್ರಸ್ತೈತಿ. ನ ಆದ ಮ್ಯಾಲೆ ರ, ರ ಆದ ಮ್ಯಾಲೆ ಶ."

ಕೂರಿಸುತ್ತದೆ ಎನ್ನುವ ಬದಲು ನಾನು ಬೇರೆ ಯಾವ ಮಾತನ್ನಾದರೂ ಆಡಬಹುದಿತ್ತು. ತೋರಿಸುತ್ತದೆ ಎನ್ನಬಹುದಿತ್ತು, ಬರುತ್ತವೆ ಎನ್ನಬಹುದಿತ್ತು.

"ಕುಂದ್ರಸ್ತೈತಿ" ಎಂದು ಗೌಡರು ನಿಧಾನವಾಗಿ ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಯಾರ ಪಂಕ್ತಿಯಾಗ ಕುಂದ್ರಿಸಿದ್ಯವಾ, ನನ್ನ ಮಗಳನ್ನ?"

ರೋಹಿಣಿ ತೀರಿಕೊಂಡಾಗ ಅವಳ ದಿನದ ಊಟಕ್ಕೆ ಇಡೀ ಊರನ್ನು ಕರೆದಿದ್ದರು. ನಮ್ಮ ಓಣಿಯವರಿಗೆ ಹಿತ್ತಲಿನಲ್ಲಿ, ಜೋಳದ ಕಣಿಕೆಯ ಬಣವೆಯ ಬಾಜು, ಬೇರೆ ಪಂಕ್ತಿ. ಬಡಿಸಿದವರು ಪ್ರೀತಿಯಿಂದಲೇ ಬಡಿಸಿದ್ದರು. ಹೋಳಿಗೆಗೆ ತುಪ್ಪ ಸಾಕೆಂದರೂ ಹಾಕಿದ್ದರು. ನಾನು ಉಂಡು ಎದ್ದು ಬಂದಿದ್ದೆ.

"ನಾ ಮದ್ಲ ಹೇಳಿದ್ನೆಪಾ" ಎಂದ ಹೇಮಂತ. "ಕೀಲಿ ಇವ್ರ ಕೈಯಾಗ ಕೊಟ್ರ ಮನೀನ ತಮ್ಮ ಹೆಸರಿಗೆ ಬರಕೋತಾರ." ನನ್ನ ಕಡೆ ತಿರುಗಿದ. "ಹಳೇದ ಹಾಕು. ಅಕ್ಕನ ಹೆಸರೊಂದ ಇರ್ಲಿ. ಉಳದಾವ್ರು ವಿಸಿಟರ್. ನಡೀತಿತ್ತಲ್ಲ ಇಷ್ಟ ದಿನ?"

"ಹಳೇದು ಹಾಕಿದ್ರ ಹುಡುಗ್ಯಾರದು ಮತ್ತ ಎಲ್ಲಾ ಹೋಗತೈತ್ರಿ."

"ಹೋಗಲಿ. ಏನ ಅಂಥಾದ್ದ ಬರದಾರ, ಪುರಾಣ?"

ಇನ್ನೊಂದು ದಾರಿಯಿತ್ತು. ಅವಳ ಹೆಸರಿನ ಆರಂಭಕ್ಕೆ 'ಅ'ದಂಥ ಒಂದು ಸುಳ್ಳು ಅಕ್ಷರ ಸೇರಿಸಿದರೆ ಅವಳು ಪಟ್ಟಿಯ ತುದಿಗೆ, ಎಲ್ಲರ ಮೇಲೆ ಹೋಗುತ್ತಿದ್ದಳು. ಎರಡು ನಿಮಿಷದ ಕೆಲಸ. ಗೌಡರು ಒಪ್ಪುತ್ತಿದ್ದರು ಎಂದು ನನಗೆ ಗೊತ್ತಿತ್ತು. ಅದನ್ನು ನಾನು ಹೇಳಲಿಲ್ಲ.

ಗೌಡರು ಕೇಳಿದರು: "ಉಳದಾವ್ರ ಹೆಸರು ತಗೀತಿಯೇನ?"

"ಇಲ್ರಿ."

ಅವರಿಗೆ ನಮ್ಮ ಮನೆಯವರು ಯಾರಾದರೂ ಇಲ್ಲ ಎಂದದ್ದನ್ನು ನಾನು ಕೇಳಿರಲಿಲ್ಲ. ಅವರೂ ಕೇಳಿರಲಿಕ್ಕಿಲ್ಲ. ಹೊರಗೆ ಒಂದು ಟ್ರ್ಯಾಕ್ಟರ್ ಹಾದು ಹೋಯಿತು.

"ಹಂಗಿದ್ರ ಅಕಿದು ತಗಿ" ಎಂದರು.

"ಅಪ್ಪಾ, ಮಶೀನ್ ನಮ್ಮವು" ಎಂದ ಹೇಮಂತ. "ಗಾಡ್ಯಾಗ ಹೇರಿಕೊಂಡ ಹೋಗೂಣು."

"ಸತ್ತಾಕಿ ಹೆಸರಲೆ ಕೊಟ್ಟದ್ದನ್ನ ತಿರಗಿ ಮನಿಗೆ ಒಯ್ತಿ? ಸುಮ್ನಿರಲೇ." ನನ್ನನ್ನು ನೋಡದೆ ಮತ್ತೆ ಹೇಳಿದರು, "ತಗಿಯವಾ. ನನ್ನ ಮುಂದ ತಗಿ."

ನಾನು ಅವರನ್ನು ತಡೆಯಲು ಮಾತು ಹುಡುಕಿದೆ. ನಿಮ್ಮ ಮಗಳು ಮೂರು ವರ್ಷ ನನ್ನ ಬಾಜು ಕುಳಿತಿದ್ದಳು ಎನ್ನಬಹುದಿತ್ತು. ಹಾಗೆ ಅಂದಿದ್ದರೆ ಆ ಸೀಟನ್ನೂ ಅವಳಿಂದ ಕಸಿದುಕೊಂಡಂತಾಗುತ್ತಿತ್ತು. ನಾನು ಕುಳಿತು ಕಪ್ಪು ಪರದೆ ತೆರೆದೆ. ಅಳಿಸುವ ಆಜ್ಞೆ ಒಂದೇ ಸಾಲಿನದು. ಅದನ್ನೂ, ಅದರ ಮುಂದೆ ಅವಳ ಹೆಸರನ್ನೂ ಬರೆದು ಎಂಟರ್ ಒತ್ತಿದೆ. ಹಳೆಯ ಯುನಿಕ್ಸ್‌ನವರ ನಂಬಿಕೆಯೊಂದಿದೆ: ಕೆಲಸ ಸರಿಯಾಗಿ ಆದರೆ ಯಂತ್ರ ಮಾತಾಡಬಾರದು. ತಪ್ಪಾದರೆ ಮಾತ್ರ ಅದು ಬಾಯಿ ಬಿಡಬೇಕು. ಯಂತ್ರ ಏನೂ ಹೇಳಲಿಲ್ಲ.

"ಆತೇನ?"

"ಆತ್ರಿ."

"ಫೋಟೋ?"

ಪರದೆಯ ಮುಖವನ್ನೂ ತೆಗೆದೆ. ಬರಿಯ ನೀಲಿ ಉಳಿಯಿತು. ಗೌಡರು ಅದನ್ನು ಸ್ವಲ್ಪ ಹೊತ್ತು ನೋಡಿದರು.

"ಎಲ್ಲಾ ಹೋತೇನ ಒಳಗಿಂದು?"

"ಅಕಿ ಸಾಮಾನು ಅಲ್ಲೇ ಅದಾವ್ರಿ. ಹೆಸರಷ್ಟ ಹೋಗೈತಿ. ಅದನ್ನೂ ತಗೀಲೇನ್ರಿ?"

ಅವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಹೇಮಂತ ಉಳಿದ ಮೂರು ಯಂತ್ರಗಳನ್ನೂ ಹಚ್ಚಿಸಿ, ಒಂದೊಂದರಲ್ಲೂ ಹೆಸರು ತೆಗೆಸಿ, ಹೋದದ್ದನ್ನು ನೋಡಿಯೇ ಹೋದ.

ಹೆಸರು ಅಳಿಸಿದರೂ ಮನೆ ಉಳಿದರೆ, ಲಿನಕ್ಸ್ ಆ ಮನೆಯ ಒಡೆಯರ ಜಾಗದಲ್ಲಿ ಒಂದು ಸಂಖ್ಯೆ ಬರೆಯುತ್ತದೆ. ಯಂತ್ರಕ್ಕೆ ಮೊದಲಿಂದಲೂ ಗೊತ್ತಿರುವುದು ಸಂಖ್ಯೆಯೇ. ಹೆಸರು ನಮ್ಮ ಅನುಕೂಲಕ್ಕೆ. ಅವರು ಹೋದ ಮೇಲೆ ಪಟ್ಟಿ ತೆಗೆದು ನೋಡಿದೆ. ಖುಷ್ಬೂ, ನಾಜಮೀನ್, ಶಿವಾನಿ, ಸುಮಂಗಲಾ ತಮ್ಮ ತಮ್ಮ ಮನೆಗಳ ಎದುರಿಗೆ ಇದ್ದರು. ಒಂದು ಮನೆಯ ಎದುರಿಗೆ 1003 ಎಂದಿತ್ತು. ರೂಟ್ ಆಗಿ ಆ ಮನೆಯೊಳಗೆ ಹೋಗಿ ಫೋಟೋಗಳನ್ನು ನೋಡಬಹುದಿತ್ತು. ಹೋಗಲಿಲ್ಲ.

ಸಂಜೆ ಕಾಲೇಜಿನಿಂದ ಖುಷ್ಬೂ ಮತ್ತು ನಾಜಮೀನ್ ಬಂದರು. ನೀಲಿ ಪರದೆ ಕಂಡು ಖುಷ್ಬೂ ನಿಂತಳು. ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದಳು.

"ಅಕ್ಕಾ, ರೋಹಿಣಕ್ಕನ ಹೆಸರು ಯಾರು ತಗದ್ರಿ?"

"ನಾನ."

ಯಾಕೆ ಎಂದು ಅವಳು ಕೇಳಬಹುದೆಂದು ಕಾದೆ. ಅವಳು ನಾಜಮೀನಳ ಕಡೆ ನೋಡಿದಳು. ನಾಜಮೀನ್ ತಲೆ ತಗ್ಗಿಸಿ ಚೀಲದಿಂದ ಪುಸ್ತಕ ತೆಗೆಯುತ್ತಿದ್ದಳು. ಇಬ್ಬರೂ ತಮ್ಮ ತಮ್ಮ ಯಂತ್ರದ ಮುಂದೆ ಕುಳಿತರು. ಈ ಸಲ ಖುಷ್ಬೂ ನನ್ನಿಂದ ಕೈ ಮರೆಮಾಡಿ ಪಾಸ್‌ವರ್ಡ್ ಬರೆದಾಗ ನಗಲಿಲ್ಲ.