ಎಪ್ಪತ್ತು ಡಿಗ್ರಿಯ ಮನೆ

“ನಮ್ಮನ್ನೆಲ್ಲ ಬೇಯಿಸ್ತಿರೋ ಅಡಿಗೆಯವನು ಇವನೇ ನೋಡಿ,” ಅಂದಳು ಮಿಸೆಸ್ ಲೇತ್ರಪ್. “ಹೆಸರು ಸಿವರ್ಟ್. ನಾರ್ವೆಯವನು. ಅಲ್ಲಿ ಎತ್ತುಗಳಿಗೆ ಕೋಟು ತೊಡಿಸಿ ಹಡಗು ಹತ್ತಿಸ್ತಾರೆ ಅಂತ ಕಾಣುತ್ತೆ.”

ಊಟದ ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಬೆವರು ಒರೆಸಿಕೊಳ್ಳುತ್ತಲೇ ನಕ್ಕರು. ಒಬ್ಬ ದಪ್ಪ ಮನುಷ್ಯ ಕಾಲರ್ ಕಿತ್ತು ಜೇಬಿಗೆ ತುರುಕಿಕೊಂಡಿದ್ದ. ಬೆಳ್ಳಿ ಕಂಬಗಳ ಮೇಲಿನ ಮೇಣದ ಬತ್ತಿಗಳು ನೆಟ್ಟಗೆ ನಿಲ್ಲಲಾರದೆ ಸೊಂಟ ಬಗ್ಗಿಸಿದ್ದವು.

ನನ್ನನ್ನು ನೆಲಮಾಳಿಗೆಯಿಂದ ಕರೆಸಿ ನಿಲ್ಲಿಸಿದ್ದರು. ರತ್ನಗಂಬಳಿಗೆ ಮಸಿ ಬೀಳಬಾರದು ಅಂತ ನನ್ನ ಕಾಲಡಿಗೆ ಹಳೇ ಪೇಪರು ಹಾಸಿದ್ದರು. ಹಾಸಿದವಳು ರಗ್ನಾ, ನನ್ನ ತಂಗಿ, ಆ ಮನೆಯ ಕೆಲಸದ ಹುಡುಗಿ. ಹಾಸುವಾಗ ನನ್ನ ಮುಖ ನೋಡಲಿಲ್ಲ.

“ರಗ್ನಾ, ಗೋಡೆ ಮೇಲಿನ ಉಷ್ಣಮಾಪಕ ಎಷ್ಟು ತೋರಿಸ್ತಿದೆ ಓದು.”

“ಎಂಬತ್ತೆರಡು ಅಮ್ಮಾವ್ರೇ.” ಅಲ್ಲಿಯದು ಫ್ಯಾರನ್‌ಹೀಟ್ ಲೆಕ್ಕ, ಎಪ್ಪತ್ತು ಅಂದರೆ ಹಿತ, ಮೂವತ್ತೆರಡಕ್ಕೆ ನೀರು ಹೆಪ್ಪುಗಟ್ಟುತ್ತೆ.

“ಎಂಬತ್ತೆರಡು. ಮೇಣದ ಬತ್ತಿಗಳೇ ನಾಚಿಕೊಂಡು ತಲೆ ತಗ್ಗಿಸಿವೆ. ಇವನಿಗೆ ಮಾತ್ರ ನಾಚಿಕೆ ಅನ್ನೋದು ಇಲ್ಲ.”

“ಹೊರಗೆ ಚಳಿ ಜಾಸ್ತಿ ಇದೆ ಅಮ್ಮಾವ್ರೇ,” ಅಂದೆ.

“ಊರಿಗೆಲ್ಲ ಕಾವು ಕೊಡು ಅಂತ ನಿನಗೆ ಹೇಳಿದ್ದು ಯಾರು?”

ಮತ್ತೆ ನಗು. ನಾನು ಕೆಳಗೆ ಹೋದೆ. ಮನೆ ಕಾಯಿಸುವ ಕುಲುಮೆಯ ಹೊಟ್ಟೆಗೆ ಇನ್ನೆರಡು ಸಲಿಕೆ ಕಲ್ಲಿದ್ದಲು ಎಸೆದೆ. ಸಿಟ್ಟಿಗೆ ಎಸೆದದ್ದಲ್ಲ. ಬೇಕಾಗಿಯೇ ಎಸೆದೆ. ಯಾಕೆ ಅಂತ ಅವಳಿಗೆ ಹೇಳುವಂತಿರಲಿಲ್ಲ, ಅಷ್ಟೆ.

ಆ ಕುಲುಮೆಯಿಂದ ಆನೆಯ ಸೊಂಡಿಲಿನಂಥ ತಗಡಿನ ಕೊಳವೆಗಳು ಎಲ್ಲ ಕೋಣೆಗೂ ಹೋಗುತ್ತಿದ್ದವು. ದಿವಾನಖಾನೆಗೆ ಎರಡು, ಊಟದ ಮನೆಗೆ ಒಂದು, ಮಲಗುವ ಕೋಣೆಗಳಿಗೆ ಒಂದೊಂದು. ನಾಯಿ ಮಲಗುವ ಮೂಲೆಗೂ ಒಂದಿತ್ತು. ಅಟ್ಟಕ್ಕೆ ಇರಲಿಲ್ಲ. ಅಟ್ಟದಲ್ಲಿ ರಗ್ನಾಳ ಮಂಚ. ಕಟ್ಟಿದವನಿಗೆ ಅಲ್ಲಿ ಮನುಷ್ಯರು ಮಲಗುತ್ತಾರೆ ಅಂತ ಹೊಳೆಯಲಿಲ್ಲವೋ, ಹೊಳೆದೂ ಸುಮ್ಮನಾದನೋ. ಸೂರಿನ ಮೊಳೆಗಳ ತುದಿ ಒಳಗೆ ಚಾಚಿಕೊಂಡಿದ್ದವು. ಚಳಿಗಾಲದಲ್ಲಿ ಅವಳ ಉಸಿರೇ ಆ ಮೊಳೆಗಳ ಮೇಲೆ ಬಿಳಿ ಮುತ್ತಾಗಿ ಹೆಪ್ಪುಗಟ್ಟುತ್ತಿತ್ತು.

ಒಂದೇ ದಾರಿ ಇತ್ತು. ದಿವಾನಖಾನೆ ಎಂಬತ್ತು ದಾಟಿದರೆ, ಮಿಕ್ಕ ಕಾವು ಹಿಂದಿನ ಮೆಟ್ಟಿಲು ಹತ್ತಿ ಅಟ್ಟಕ್ಕೆ ಹೋಗುತ್ತಿತ್ತು. ರಗ್ನಾ ಬಾಗಿಲನ್ನು ಓರೆ ಮಾಡಿಕೊಂಡು ಮಲಗುತ್ತಿದ್ದಳು. ನಮ್ಮವ್ವ ಸತ್ತದ್ದು ಎದೆ ಕಾಯಿಲೆಯಲ್ಲಿ. ರಗ್ನಾಳದೂ ಅದೇ ಎದೆ, ಅದೇ ಕೆಮ್ಮು, ಒಣ ಹಲಗೆಗೆ ಬಡಿದ ಹಾಗೆ. ಅವಳನ್ನು ಈ ಚಳಿಗಾಲ ದಾಟಿಸಬೇಕು, ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಅದಕ್ಕೆ ಲೇತ್ರಪ್ಪರ ಬಳಗವೆಲ್ಲ ಬೆಂದರೆ ಬೇಯಲಿ.

ಮಿನಿಯಾಪೊಲಿಸಿನ ಆ ಬೀದಿಯಲ್ಲಿ ನಾನು ಬೆಳಿಗ್ಗೆ ಸಂಜೆ ಮನೆಯಿಂದ ಮನೆಗೆ ಹೋಗಿ ಕುಲುಮೆ ನೋಡಿಕೊಳ್ಳುತ್ತಿದ್ದೆ. ಬೂದಿ ಎತ್ತು, ಕಲ್ಲಿದ್ದಲು ಸುಟ್ಟು ಗಟ್ಟಿಯಾದ ಕಿಟ್ಟ ಒಡೆ, ಕಲ್ಲಿದ್ದಲು ತುಂಬು, ಬೆಂಕಿಗೆ ಗಾಳಿ ಬಿಡುವ ಕೆಳಗಿನ ಗಾಳಿಬಾಗಿಲು ಎಷ್ಟು ತೆರೆಯಬೇಕೋ ಅಷ್ಟು ತೆರೆ. ಶಾಲೆ ಬಿಟ್ಟವನಿಗೆ ಇದಕ್ಕಿಂತ ಒಳ್ಳೇದು ಏನು ಸಿಗುತ್ತೆ? ಬೇರೆ ಮನೆಗಳಲ್ಲಿ ಯಾರೂ ನನ್ನನ್ನು ಮಾತಾಡಿಸುತ್ತಿರಲಿಲ್ಲ. ಅದೇ ವಾಸಿ.

ಆ ಔತಣ ಆದ ಮರುವಾರ ಕ್ರಾಂಡಲ್ ಅನ್ನುವವನು ಒಂದು ಮರದ ಪೆಟ್ಟಿಗೆ ಹೊತ್ತು ಬಂದ. ಯಂತ್ರದ ಕಂಪನಿಯವನು, ಮೀಸೆಗೆ ಎಣ್ಣೆ ಹಚ್ಚಿದವನು. ದಿವಾನಖಾನೆಯ ಗೋಡೆಗೆ ಒಂದು ಹಿತ್ತಾಳೆ ಬಿಲ್ಲೆ ಕೂರಿಸಿದ. ಅದರೊಳಗೆ ಎರಡು ಲೋಹ ಅಂಟಿಸಿದ ಪಟ್ಟಿ. ಬಿಸಿಯಾದರೆ ಒಂದು ಕಡೆ ಬಾಗುತ್ತೆ, ತಣ್ಣಗಾದರೆ ಇನ್ನೊಂದು ಕಡೆ. ಅಲ್ಲಿಂದ ತಂತಿ ಕೆಳಗೆ ಬಂತು. ನೆಲಮಾಳಿಗೆಯಲ್ಲಿ ಗಡಿಯಾರದ ಹಾಗೆ ಕೀಲಿ ಕೊಡುವ ಪೆಟ್ಟಿಗೆ, ಅದರಿಂದ ಒಂದು ಸರಪಳಿ ನನ್ನ ಗಾಳಿಬಾಗಿಲಿಗೆ. ಮೇಲೆ ಎಪ್ಪತ್ತು ದಾಟಿದರೆ ಪೆಟ್ಟಿಗೆ ಟಕ್ ಅನ್ನುತ್ತೆ, ಸರಪಳಿ ಸಡಿಲವಾಗುತ್ತೆ, ಬಾಗಿಲು ಮುಚ್ಚಿ ಬೆಂಕಿ ಮಂಕಾಗುತ್ತೆ. ಎಪ್ಪತ್ತಕ್ಕಿಂತ ಇಳಿದರೆ ಮತ್ತೆ ಟಕ್, ಬಾಗಿಲು ಏಳುತ್ತೆ.

ಯಜಮಾನಿ ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿ ತೋರಿಸಿದಳು. “ಇದು ಬೆವರಲ್ಲ. ನಾರಲ್ಲ. ಹೆರಿಂಗ್ ಮೀನು ತಿಂದು ನನ್ನ ಮುಂದೆ ಉಸಿರು ಬಿಡಲ್ಲ. ಎಪ್ಪತ್ತು ಅಂದ್ರೆ ಎಪ್ಪತ್ತು. ಸಿವರ್ಟ್, ಇನ್ಮೇಲೆ ನೀನು ಕಲ್ಲಿದ್ದಲು ತುಂಬೋದು, ಬೂದಿ ಎತ್ತೋದು, ಅಷ್ಟೇ. ಬಾಗಿಲು ಮುಟ್ಟಿದ್ಯೋ, ಅದೇ ಬಾಗಿಲಿಂದ ಹೊರಗೆ.”

ಅಡಿಗೆಯ ಡೀಲಿಯಾ, ಐರಿಷ್ ಹೆಂಗಸು, ನನ್ನ ಹಿಂದೆ ನಿಂತು ಗೊಣಗಿದಳು. “ತನ್ನ ಗಂಡನಿಗೂ ಒಂದು ಹಾಕಿಸಬಾರದಾ. ದಿನಾ ಎಪ್ಪತ್ತು ದಾಟ್ತಾನೆ.”

ಆ ರಾತ್ರಿಯಿಂದಲೇ ಅಟ್ಟ ಹೆಪ್ಪುಗಟ್ಟಿತು. ರಗ್ನಾ ಕೋಟು ಹಾಕಿಕೊಂಡು, ಅದರ ಮೇಲೆ ಅವ್ವನ ಶಾಲು ಸುತ್ತಿಕೊಂಡು ಮಲಗಿದಳಂತೆ. ಬೆಳಿಗ್ಗೆ ಮುಖ ತೊಳೆಯುವ ಬೋಗುಣಿಯಲ್ಲಿ ನೀರಿಲ್ಲ, ಗಾಜಿನಂಥ ಬಿಲ್ಲೆ. ಅವಳು ಕೆಳಗೆ ಬಂದು ನನ್ನ ಪಕ್ಕ ಬಕೆಟ್ ಬೋರಲು ಹಾಕಿ ಕೂತಳು. ಕುಲುಮೆಗೆ ಅಂಗೈ ಚಾಚಿದಳು. ಬೆರಳ ತುದಿ ನೀಲಿ.

“ಅಡಿಗೆಮನೇಲಿ ಒಲೆ ಪಕ್ಕ ಮಲಗ್ತೀನಿ ಅಂತ ಕೇಳಿದ್ಯಾ?” ಅಂದೆ.

“ಕೇಳಾಯ್ತು ಅಣ್ಣ.”

“ಏನಂದ್ಲು?”

ರಗ್ನಾ ಹೇಳಬೇಕಾಗಿರಲಿಲ್ಲ, ಯಜಮಾನಿಯ ಮಾತು ನಾನು ಆಗಲೇ ಕೇಳಿಸಿಕೊಂಡಿದ್ದೆ. ಆ ಕೊಳವೆಗಳು ಕಾವನ್ನು ಮೇಲಕ್ಕೆ ಒಯ್ಯುತ್ತವೆ, ಮಾತನ್ನು ಕೆಳಕ್ಕೆ ತರುತ್ತವೆ. ಕುಲುಮೆ ಕಾಯುವವರಿಗೆಲ್ಲ ಗೊತ್ತು, ಯಜಮಾನರಿಗೆ ಮಾತ್ರ ಗೊತ್ತಿಲ್ಲ. ಯಜಮಾನಿ ಅಂದದ್ದು ಹೀಗೆ: “ಯಂತ್ರ ಎಪ್ಪತ್ತು ಅಂತಿದೆ ರಗ್ನಾ. ಎಪ್ಪತ್ತು ಇರೋ ಮನೇಲಿ ಯಾರಿಗೂ ಚಳಿ ಆಗಲ್ಲ. ನಿನಗಾಗ್ತಿರೋದು ಚಳಿ ಅಲ್ಲ, ಸೋಮಾರಿತನ.”

“ಇನ್ನೊಂದ್ಸಲ ಕೇಳು,” ಅಂದೆ. “ಇಲ್ಲಾಂದ್ರೆ ನಾನೇ ಕೇಳ್ತೀನಿ.”

“ಬೇಡ. ನನಗಿಂತ ಮುಂಚೆ ಇದ್ದ ಸ್ವೀಡನ್ ಹುಡುಗಿ ಎರಡನೇ ಸಲ ಕೇಳಿದ್ಲು. ಮಾರನೇ ದಿನ ಇರಲಿಲ್ಲ.” ಕೆಮ್ಮು ಬಂತು. ಮುಗಿಯುವ ತನಕ ಕಾದೆ. “ಈ ಯಜಮಾನಿ ನನ್ನ ಕೈಗೆ ಬೆಳ್ಳಿ ಪಾತ್ರೆ ಕೊಡ್ತಾಳೆ ಅಣ್ಣ. ಬಾಗಿಲಿಗೆ ಬಂದವರನ್ನ ನಾನೇ ಒಳಗೆ ಕರೀತೀನಿ. ಇಲ್ಲಿಂದ ಹೋದ್ರೆ ನನಗೆ ಏನಿದೆ? ಬಟ್ಟೆ ಒಗೆಯೋ ಕಾರ್ಖಾನೆ. ಅಲ್ಲಿ ಆವಿಲಿ ನಿಂತು ಹಿಮದಲ್ಲಿ ಮನೆಗೆ ನಡೆದ್ರೆ ಎಷ್ಟು ದಿನ ಬಾಳ್ತೀನಿ?”

“ಇಲ್ಲಿ ಎಷ್ಟು ದಿನ ಬಾಳ್ತೀಯ?”

“ನನ್ನ ಚಳಿ ನಂದು. ಊರಿಗೆಲ್ಲ ಸಾರಬೇಡ.”

ಅವಳು ಮೇಲೆ ಹೋದಳು. ನಾನು ಬೂದಿಯಲ್ಲಿ ಕೈಯಾಡಿಸಿ ಹೆಬ್ಬೆರಳಷ್ಟು ಗಾತ್ರದ ಒಂದು ಕಿಟ್ಟದ ತುಂಡು ಹುಡುಕಿದೆ. ಗಾಳಿಬಾಗಿಲಿನ ಅಂಚಿಗೆ ಇಟ್ಟೆ. ಪೆಟ್ಟಿಗೆ ಟಕ್ ಅಂತು, ಸರಪಳಿ ಸಡಿಲವಾಯಿತು, ಬಾಗಿಲು ಬಿತ್ತು, ಕಿಟ್ಟದ ಮೇಲೆ ಕೂತು ಬಾಯಿ ಬಿಟ್ಟುಕೊಂಡೇ ಇತ್ತು. ಬೆಂಕಿ ಗುರ್ ಅಂದಿತು. ಯಂತ್ರ ತನ್ನ ಕೆಲಸ ಮಾಡಿದೆ, ಬಾಗಿಲು ಮಾತ್ರ ಮುಚ್ಚಿಲ್ಲ. ಯಾರಾದರೂ ನೋಡಿದರೆ ಬೂದಿ ಎತ್ತುವಾಗ ಬಿದ್ದ ತುಂಡು ಅಂದುಕೊಳ್ಳಬೇಕು, ಹಾಗಿತ್ತು.

ಅದಾದ ಮೇಲೆ ರಗ್ನಾ ನಿದ್ದೆ ಮಾಡಿದಳು. ಕೆಮ್ಮು ಇಳಿಯಿತು. ಯಾಕೆ ಅಂತ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೇಲೆ ಯಜಮಾನಿ ಹಿತ್ತಾಳೆ ಬಿಲ್ಲೆಯ ಮುಳ್ಳನ್ನು ಅರವತ್ತೈದಕ್ಕೆ ತಿರುಗಿಸಿದಳು, ಅರವತ್ತಕ್ಕೆ ತಿರುಗಿಸಿದಳು, ಗೋಡೆಗೆ ಗುದ್ದಿದಳು. ಕೊಳವೆಯಲ್ಲಿ ಎಲ್ಲ ಕೇಳುತ್ತಿತ್ತು. “ಯಂತ್ರಕ್ಕೂ ನಾರ್ವೆ ರೋಗ ಬಡೀತು,” ಅಂದಳು. ನಾನು ಬೂದಿಯ ಡಬ್ಬಿ ತಬ್ಬಿಕೊಂಡು ನಕ್ಕೆ. ಬಹಳ ದಿನ ಆಗಿತ್ತು ನಕ್ಕು.

ಕ್ರಾಂಡಲ್ ಒಂದು ಬೆಳಿಗ್ಗೆ, ನಾನು ಬಂದು ಹೋದ ಮೇಲೆ ಬಂದ. ಕಿಟ್ಟ ಸಿಕ್ಕಿತು. ಹಿಂದಿನ ವಾರವೂ ನೋಡಿದ್ದನಂತೆ, ಎತ್ತಿ ಬಿಸಾಡಿದ್ದನಂತೆ. ಎರಡನೇ ಸಲ ಅದೇ ಜಾಗದಲ್ಲಿ ಸಿಕ್ಕರೆ ಎಂಥ ಪೆದ್ದನಿಗೂ ಗೊತ್ತಾಗುತ್ತೆ.

ಯಜಮಾನಿ ಆಗಲೇ ನನ್ನನ್ನು ಓಡಿಸಬಹುದಿತ್ತು. ಓಡಿಸಲಿಲ್ಲ. ಮಧ್ಯಾಹ್ನ ಚರ್ಚಿನ ಸಂಘದ ಹೆಂಗಸರು ಬರುವವರಿದ್ದರು. ಅಲ್ಲಿಯ ತನಕ ಎತ್ತಿಟ್ಟುಕೊಂಡಳು, ಒಳ್ಳೇ ಕೇಕ್ ಎತ್ತಿಡುವ ಹಾಗೆ.

ಸಂಜೆಯ ಪಾಳಿಗೆ ಬಂದ ನನ್ನನ್ನು ಡೀಲಿಯಾ ಅಡಿಗೆಮನೆಯ ಬಾಗಿಲಲ್ಲೇ ತಡೆದಳು. “ಒಳಗೆ ಕರೀತಿದಾಳೆ. ಏನೇ ಅಂದ್ರೂ ಹೂಂ ಅನ್ನು. ನಿನ್ನ ತಂಗಿ ಇನ್ನೂ ಇಲ್ಲೇ ಇರಬೇಕು.”

ದಿವಾನಖಾನೆಯಲ್ಲಿ ಐದಾರು ಹೆಂಗಸರು ಚೀನಾದ ಅನಾಥ ಮಕ್ಕಳಿಗೆ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದರು. ಪಿಂಗಾಣಿ ತಟ್ಟೆಯೊಂದು ಕೈಯಿಂದ ಕೈಗೆ ಹೋಗುತ್ತಿತ್ತು. ಅದರಲ್ಲಿ ನನ್ನ ಕಿಟ್ಟ. ಒಬ್ಬೊಬ್ಬಳೂ ಮೂಗಿನ ಹತ್ತಿರ ತಂದು ನೋಡಿ ಮುಂದಕ್ಕೆ ಕೊಡುತ್ತಿದ್ದಳು. ರಗ್ನಾ ಬಿಳಿ ಏಪ್ರನ್ನಿನಲ್ಲಿ ಚಹಾದ ಪಾತ್ರೆ ಹಿಡಿದು ನಿಂತಿದ್ದಳು.

“ಇದನ್ನ ಇಟ್ಟಿದ್ದು ನೀನೇನಾ?”

ಹೂಂ ಅನ್ನು ಅಂದಿದ್ದಳು ಡೀಲಿಯಾ. “ಹೌದು,” ಅಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತೇನೋ. ಆ ಉಣ್ಣೆ ಉಂಡೆಗಳನ್ನು ನೋಡಿ ನಿಲ್ಲಲಿಲ್ಲ. “ನಿಮ್ಮ ತಲೆ ಮೇಲೆ, ಇದೇ ಮನೇಲಿ, ನನ್ನ ತಂಗಿ ಹೆಪ್ಪುಗಟ್ತಿದಾಳೆ. ಬೋಗುಣಿ ನೀರು ಕಲ್ಲಾಗುತ್ತೆ. ಎದೆ ಕೆಟ್ಟಿದೆ. ನಾನು ಕಾಯಿಸ್ತಿದ್ದದ್ದು ನಿಮ್ಮನ್ನಲ್ಲ.”

ಸೂಜಿಗಳು ನಿಂತವು. ಕಿಟಕಿಯ ಪಕ್ಕದ ಮುದುಕಿಯೊಬ್ಬಳು, “ಹೌದಾ ಮಗೂ?” ಅಂತ ರಗ್ನಾಳನ್ನು ಕೇಳಿದಳು. ರಗ್ನಾಳ ಕುತ್ತಿಗೆಯಿಂದ ಕಿವಿಯ ತನಕ ಕೆಂಪೇರಿತು.

ಮಿಸೆಸ್ ಲೇತ್ರಪ್ ಕೋಪ ಮಾಡಿಕೊಳ್ಳಲಿಲ್ಲ. ಎದ್ದಳು, ಗೋಡೆಯಿಂದ ಉಷ್ಣಮಾಪಕ ತೆಗೆದಳು. ಹಿತ್ತಾಳೆ ಪಟ್ಟಿಗೆ ಕೂರಿಸಿದ ಗಾಜಿನ ಕಡ್ಡಿ, ತುದಿಯಲ್ಲಿ ಪಾದರಸದ ಗುಂಡು. ರಗ್ನಾಳ ಕೈಯಿಂದ ಚಹಾದ ಪಾತ್ರೆ ತೆಗೆದುಕೊಂಡು ಇದನ್ನು ಇಟ್ಟಳು.

“ನಾವು ನ್ಯಾಯವಂತರು. ಮೇಲೆ ಹೋಗು. ನಿನ್ನ ಮಂಚದ ತಲೆದೆಸೆಗೆ ತೂಗುಹಾಕು. ನಾವು ಒಂದೊಂದು ಲೋಟ ಚಹಾ ಕುಡಿಯೋ ತನಕ ಅಲ್ಲಿರ್ಲಿ. ಆಮೇಲೆ ತಂದು ಎಲ್ಲರಿಗೂ ತೋರಿಸು. ಅರವತ್ತಕ್ಕಿಂತ ಕಮ್ಮಿ ಇದ್ರೆ ಸಿವರ್ಟ್ ಹೇಳಿದ್ದು ನಿಜ. ನಿನಗೆ ಕೆಳಗೆ ಕೋಣೆ ಕೊಡ್ತೀನಿ.” ಒಂದು ಸಲ ನಿಲ್ಲಿಸಿದಳು. “ಅಥವಾ ನಿನ್ನಂಥ ಸೂಕ್ಷ್ಮದವಳಿಗೆ ಒಗ್ಗೋ ಬೇರೆ ಮನೆ ಹುಡುಕ್ತೀನಿ.”

ಆ ಎರಡನೇ ಮಾತು ಅಲ್ಲಿದ್ದವರಿಗೆ ಕೇಳಿಸಿತೋ ಇಲ್ಲವೋ. ರಗ್ನಾಳಿಗೆ ಕೇಳಿಸಿತು.

ಅವಳು ಹೋದಳು. ಹಿಂದಿನ ಮೆಟ್ಟಿಲಲ್ಲಿ ಹೆಜ್ಜೆಸದ್ದು ಅಟ್ಟದ ತನಕ ಹತ್ತಿತು. ಬೆಳಿಗ್ಗೆಯಿಂದ ಗಾಳಿಬಾಗಿಲು ಸರಿಯಾಗಿ ಮುಚ್ಚಿತ್ತು. ಅಟ್ಟದಲ್ಲಿ ಇಪ್ಪತ್ತೂ ಇರುವುದಿಲ್ಲ ಅಂತ ನನಗೆ ಗೊತ್ತಿತ್ತು. ಕುಡಿಯಲಿ ಚಹಾ, ಎರಡು ಲೋಟ ಕುಡಿಯಲಿ ಅಂದುಕೊಂಡೆ. ಕೆಳಗೆ ಪೆಟ್ಟಿಗೆ ಟಕ್ ಅಂದದ್ದು ಕೊಳವೆಯಲ್ಲಿ ಕೇಳಿಸಿತು.

ರಗ್ನಾ ಇಳಿದು ಬಂದಳು. ತುಟಿ ಬಿಳಿಚಿಕೊಂಡಿತ್ತು. ಬಲಗೈ ಮುಷ್ಟಿ ಕಟ್ಟಿತ್ತು, ಮುಷ್ಟಿಯೊಳಗೆ ಕಡ್ಡಿಯ ತುದಿ. ಕೈ ಬಿಚ್ಚಿ ಉಷ್ಣಮಾಪಕವನ್ನು ಯಜಮಾನಿಗೆ ಕೊಟ್ಟಳು.

“ಅರವತ್ತೆಂಟು,” ಅಂತ ಓದಿದಳು ಮಿಸೆಸ್ ಲೇತ್ರಪ್. ಪಕ್ಕದವಳಿಗೆ ತೋರಿಸಿದಳು. ಆಕೆ ಅದನ್ನು ಇನ್ನೊಬ್ಬಳಿಗೆ ದಾಟಿಸಿದಳು.

ನನ್ನ ಮುಂದೆಯೇ ಹಾದುಹೋಯಿತು. ಹಿತ್ತಾಳೆ ಪಟ್ಟಿಯ ಮೇಲೆಲ್ಲ ಮಂಜು ಕೂತಿತ್ತು, ಹಿಮದಿಂದ ಒಳಗೆ ಬಂದವನ ಕನ್ನಡಕದ ಮೇಲೆ ಕೂರುವ ಹಾಗೆ. ಪಾದರಸದ ಗುಂಡೊಂದೇ ಒಣಗಿ ಬೆಚ್ಚಗೆ ಹೊಳೆಯುತ್ತಿತ್ತು. ರಗ್ನಾ ಅದನ್ನು ಮೆಟ್ಟಿಲಿಳಿಯುವ ಉದ್ದಕ್ಕೂ ಅಂಗೈಯಲ್ಲಿ ಹಿಡಿದು, ತನ್ನಲ್ಲಿ ಉಳಿದಿದ್ದ ಕಾವನ್ನೆಲ್ಲ ಅದಕ್ಕೆ ಕೊಟ್ಟಿದ್ದಳು. ಬಾಗಿಲಲ್ಲಿ ನಿಂತ ಡೀಲಿಯಾಳಿಗೂ ಕಂಡಿತು. ಏಪ್ರನ್ ಎತ್ತಿ ಬಾಯಿಗೆ ಒತ್ತಿಕೊಂಡಳು. ಹೆಣೆಯುವವರಿಗೆ ಯಾರಿಗೂ ಕಾಣಲಿಲ್ಲ. ಅವರು ಅಂಕಿ ನೋಡುತ್ತಿದ್ದರು.

“ನಿನಗೆ ಚಳಿ ಆಗುತ್ತಾ ರಗ್ನಾ?”

“ಇಲ್ಲ ಅಮ್ಮಾವ್ರೇ. ಯಾವತ್ತೂ ಆಗಿಲ್ಲ.”

“ಹಾಗಾದ್ರೆ ನಿನ್ನ ಅಣ್ಣ ಯಾಕೆ ಹೀಗಂದ?”

ರಗ್ನಾ ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ಬೇಡಿಕೆ ಇದ್ದಿದ್ದರೆ ಏನಾದರೂ ಮಾಡುತ್ತಿದ್ದೆನೋ ಏನೋ. ಬೇಡಿಕೆ ಇರಲಿಲ್ಲ. ಆ ಹೆಂಗಸರೆಲ್ಲರಿಗಿಂತ ಹೆಚ್ಚಿನ ಸಿಟ್ಟು ಇತ್ತು.

“ಅವನಿಗೆ ಶಾಲೆ ಹತ್ತಲಿಲ್ಲ, ಅಮ್ಮಾವ್ರೇ. ಬೆಂಕಿ ಮುಂದೆ ಕೂತು ಕೂತು ತಲೆ ಕೆಟ್ಟಿದೆ. ಕ್ಷಮಿಸಿಬಿಡಿ.” ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು. ಬರುತ್ತಿದ್ದ ಕೆಮ್ಮನ್ನು ರಗ್ನಾ ಗಂಟಲಲ್ಲೇ ನುಂಗಿದ್ದು ನನಗೆ ಕಂಡಿತು. ನುಂಗಿ ಹೇಳಿದಳು, ನಮ್ಮ ನಾರ್ವೆ ಮಾತಿನಲ್ಲಲ್ಲ, ಎಲ್ಲರಿಗೂ ತಿಳಿಯಲಿ ಅಂತ ಅವರ ಇಂಗ್ಲಿಷಿನಲ್ಲಿ: “ಸಿವರ್ಟ್, ಅಮ್ಮಾವ್ರ ಹತ್ರ ತಪ್ಪಾಯ್ತು ಅನ್ನು. ಇವರ ಮುಂದೆಯೇ ಅನ್ನು.”

ಎಲ್ಲರೂ ಕಾಯುತ್ತಿದ್ದರು. ಮಿಸೆಸ್ ಲೇತ್ರಪ್ ಕಿಟ್ಟದ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ತಲೆ ಓರೆ ಮಾಡಿ, “ಹೂಂ? ಅನ್ನಪ್ಪ,” ಅಂದಳು.

ನಾನು ಟೋಪಿ ಹಾಕಿಕೊಂಡೆ. ಮಸಿ ಹತ್ತಿದ ಬೂಟಿನಲ್ಲೇ ರತ್ನಗಂಬಳಿಯ ಉದ್ದಕ್ಕೂ ನಡೆದು, ಮುಂದಿನ ಬಾಗಿಲು ತೆಗೆದು, ಹಿಮಕ್ಕೆ ಇಳಿದೆ.