ಅರ್ಧಕ್ಕೆ ನಿಂತ ನವಿಲು

ಉದಯಕುಮಾರ್ ಒಳ್ಳೆಯವನೇ, ಆದರೆ ಅವನು ಅಂಗಡಿ ಮೆಟ್ಟಿಲು ಹತ್ತಿದರೆ ನನಗೆ ಮೈ ಉರಿಯುತ್ತದೆ. ಆದೋನಿಯಲ್ಲಿ ನಮ್ಮ ಕಡೆ ಯಾರ ಕಂಪ್ಯೂಟರ್ ಕೆಟ್ಟರೂ ಅವನೇ ಬರಬೇಕು. ನನ್ನದು ಕೆಡದೆ ಇದ್ದರೂ ಬರುತ್ತಾನೆ, ಅಪ್‌ಡೇಟ್ ಮಾಡಿಸು ಅನ್ನುವುದಕ್ಕೆ.

“ಈ ವಿಂಡೋಸಿಗೆ ಇನ್ಮ್ಯಾಲೆ ಕಂಪನಿಯೋರು ಏನೂ ಕಳ್ಸಂಗಿಲ್ಲ ಆದಿ ಅಕ್ಕ. ಮಂದಿ ವಾಟ್ಸಾಪಿಗೆ ಕಳ್ಸಿದ ಫೋಟೋ ಎಲ್ಲಾ ಇದರಾಗೇ ತೆಗೀತಿ. ವೈರಸ್ ಬಂದು ಡಿಸೈನ್ ಹೋದ್ರ ಮದಿವಿ ಸೀಸನ್ನ್ಯಾಗ ಏನ್ ಮಾಡ್ತಿ?”

ನನ್ನದು ಬ್ಲೌಸಿಗೆ ಕಂಪ್ಯೂಟರ್ ಎಂಬ್ರಾಯ್ಡರಿ ಹಾಕುವ ಅಂಗಡಿ. ಮಷಿನ್ ಕೊಂಡದ್ದೇ ಸೆಕೆಂಡ್ ಹ್ಯಾಂಡ್. ಅದಕ್ಕೆ ಡಿಸೈನ್ ಬರೆಯುವ ಪ್ರೋಗ್ರಾಂ ಹಳೇ ವಿಂಡೋಸ್ ಎಕ್ಸ್‌ಪಿ ಬಿಟ್ಟು ಬೇರೆಲ್ಲೂ ನಡೆಯುವುದಿಲ್ಲ. ಅದಕ್ಕೇ ಉದಯ ಹಿಂದೊಮ್ಮೆ ಹೊಸ ಕಂಪ್ಯೂಟರಿನ ಒಳಗೆ ಆ ಹಳೇ ಕಂಪ್ಯೂಟರನ್ನೂ ಕೂಡಿಸಿಕೊಟ್ಟಿದ್ದ. ಅವನು ಅದನ್ನು ವರ್ಚುವಲ್ ಮಷಿನ್ ಅನ್ನುತ್ತಾನೆ, ನಾನು ಬಸುರಿ ಕಂಪ್ಯೂಟರ್ ಅನ್ನುತ್ತೇನೆ.

ಆ ಒಳಗಿನದನ್ನು ನಾನು ಎಷ್ಟೋ ವರ್ಷದಿಂದ ಆರಿಸಿಲ್ಲ. ಕೆಲಸ ಮುಗಿದರೆ ಆ ದಿನದ ಡಿಸೈನ್ ಹೊರಗೆ ತೆಗೆದಿಟ್ಟು ಒಂದು ಗುಂಡಿ ಒತ್ತುತ್ತೇನೆ, ಅದು ಉದಯ ಹಿಡಿದಿಟ್ಟ ಹಳೆಯದೊಂದು ಗಳಿಗೆಗೆ ಮರಳಿ ನಿದ್ದೆ ಹೋಗುತ್ತದೆ. ಬೆಳಿಗ್ಗೆ ಎಬ್ಬಿಸಿದರೆ ಪರದೆಯ ಮೇಲೆ ಅದೇ ಅರ್ಧ ನವಿಲು.

ಅದು ನಾಗಜ್ಯೋತಿ ಬರೆದದ್ದು. ಅಂಗಡಿ ಆಗ ನಮ್ಮಿಬ್ಬರದು. ಡಿಸೈನ್ ಆಕೆಯದು, ಮಷಿನ್ ನನ್ನದು. ತನ್ನ ಮದುವೆಗೆ ನಾನು ನವಿಲಿನ ಬ್ಲೌಸ್ ತೊಟ್ಟು ಬರಬೇಕೆಂದು ಹಟ ಹಿಡಿದು ಬರೆಯುತ್ತ ಕೂತಿದ್ದಳು. ಬೀಗರು ಬಂದಿದ್ದಾರೆ ಎಂದು ಮನೆಯಿಂದ ಫೋನ್ ಬಂತು. “ಬಂದು ಮುಗಿಸ್ತೀನಿ ಆದಿ, ಮುಟ್ಟಬ್ಯಾಡ” ಎಂದು ಎದ್ದು ಹೋದಳು. ಆ ಬೀಗರಿಗೆ ಅದೇನು ಅವಸರವೋ, ಗೊತ್ತಾದ ದಿನಕ್ಕಿಂತ ಮುಂಚೆಯೇ ಮುಹೂರ್ತ ಇಟ್ಟರು. ಗಂಡನ ಊರು ಪತ್ತಿಕೊಂಡಕ್ಕೆ ಹೋದ ಜ್ಯೋತಿ ಆ ಕುರ್ಚಿಗೆ ಮರಳಲಿಲ್ಲ. ಮದುವೆಗೆ ನಾನು ಪ್ಲೇನ್ ಬ್ಲೌಸಿನಲ್ಲೇ ಹೋಗಿದ್ದೆ.

ಪತ್ತಿಕೊಂಡ ಏನು ಕಾಶಿಯೇ? ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಅಲ್ಲಿರಬಹುದು. ಹೋಗಿಯೂ ನೋಡಿದೆ. ಅತ್ತೆ, ನೆಗೆಣ್ಣಿ, ಮಕ್ಕಳ ನಡುವೆ ಆಕೆ ನೆಂಟರಿಗೆ ಕೊಟ್ಟ ಹಾಗೆ ನನಗೆ ಚಹಾ ಕೊಟ್ಟಳು. ನನಗೆ ಬೇಕಾದವಳು ಆ ಮನೆಯಲ್ಲಿ ಸಿಗಲಿಲ್ಲ.

ಇಲ್ಲಿ ಸಿಗುತ್ತಾಳೆ. ಕಂಟ್ರೋಲ್ ಝಡ್ ಒತ್ತುತ್ತ ಹೋದರೆ ನವಿಲು ಹೊಲಿಗೆ ಬಿಚ್ಚಿದ ಹಾಗೆ ಬಿಚ್ಚಿಕೊಂಡು ಪರದೆ ಖಾಲಿಯಾಗುತ್ತದೆ. ಆಮೇಲೆ ಕಂಟ್ರೋಲ್ ವೈ ಒತ್ತಿದರೆ ಜ್ಯೋತಿ ಮೊದಲಿಂದ ಬರೆಯುತ್ತಾಳೆ. ಕಾಲಿನಿಂದ ಶುರು. ಲೋಕದಲ್ಲಿ ಯಾರಾದರೂ ನವಿಲನ್ನು ಕಾಲಿನಿಂದ ಶುರು ಮಾಡುತ್ತಾರೆಯೇ? ಕುತ್ತಿಗೆ ತಪ್ಪುತ್ತದೆ, ಅಳಿಸುತ್ತಾಳೆ, ಮತ್ತೆ ತಪ್ಪುತ್ತದೆ. ಕೊನೆಗೊಂದು ಗರಿ ಸೊಟ್ಟಗೆ ಬಂದು ಅಲ್ಲಿಗೆ ನಿಲ್ಲುತ್ತದೆ. ಆಕೆಯ ಕೈ ಕಾಣುವುದಿಲ್ಲ, ಆದರೂ ಅಷ್ಟು ಹೊತ್ತು ಪಕ್ಕದಲ್ಲಿ ಇದ್ದ ಹಾಗೇ ಇರುತ್ತದೆ.

“ಒಳಗಿಂದು ಪೂರ್ತಿ ಆಫ್ ಮಾಡೇ ಅಪ್‌ಡೇಟ್ ಮಾಡ್ಬೇಕು,” ಎಂದ ಉದಯ. “ನಿದ್ದಿಯಾಗ ಇದ್ದದ್ದನ್ನ ಹೊಸಾದು ಎಬ್ಬಸಂಗಿಲ್ಲ. ನವಿಲು ಎಲ್ಲಿಗೂ ಹೋಗಂಗಿಲ್ಲ ಬಿಡು, ಸೇವ್ ಮಾಡ್ತೀನಿ.”

“ಆಕಿ ಬರಿಯೋದು?”

“ಆ ಹಿಂದ ಮುಂದ ಹೋಗೋದಾ? ಅದು ಸೇವ್ ಆಗಂಗಿಲ್ಲ. ಬೇಕಾದ್ರ ಫೋನಿನಾಗ ವಿಡಿಯೋ ತಗಾ.”

ತೆಗೆದೆ. ವಿಡಿಯೋದಲ್ಲಿ ಆಕೆ ತನ್ನ ಪಾಡಿಗೆ ತಾನು ಬರೆದುಕೊಂಡು ಹೋಗುತ್ತಾಳೆ, ನನ್ನ ಬೆರಳಿಗೆ ಕಾಯುವುದಿಲ್ಲ. ಅಳಿಸಿಬಿಟ್ಟೆ.

ಮದುವೆ ಸೀಸನ್ ಹತ್ತಿರ ಬಂತು. ಆಸ್ಪರಿ, ಚಿಪ್ಪಗಿರಿಯಿಂದ ಬಂದ ಬ್ಲೌಸುಗಳು ರಾಶಿ ಬಿದ್ದವು. ಒಂದು ದಿನ ಉದಯನನ್ನು ಕರೆಸಿ ಕೂಡಿಸಿ, ಜ್ಯೋತಿಗೆ ಫೋನ್ ಮಾಡಿದೆ.

“ಹಳೇ ಕಂಪ್ಯೂಟರ್ ಆಫ್ ಮಾಡ್ತೀವೇ.”

“ನನ್ನ ನವಿಲು?” ಅಂದಳು. ನಾನು ಅದರ ಸುದ್ದಿ ಎತ್ತಿದವಳೇ ಅಲ್ಲ. “ಕಡೀ ಗರಿ ಸೊಟ್ಟ ಬಂದಿತ್ತಲ್ಲ, ಆದಿ. ರೊಟ್ಟಿ ಬಡಿಯಾಗೆಲ್ಲಾ ನೆನಪಾಕ್ಕೈತಿ.”

ನನಗೆ ಅಳು ಬಂತು, ಬೈದುಬಿಟ್ಟೆ. “ಹಂಗಾದ್ರ ಬಂದು ಸರಿ ಮಾಡು, ಭಾಡಕೌ.”

“ಹೆಂಗ ಬರ್ಲಿ? ನೀನೇ ಹಾಕು. ನಾ ಹೇಳ್ತೀನಿ.”

ಆಕೆ ಹೇಳುತ್ತ ಹೋದಳು, ನಾನು ಎಳೆಯುತ್ತ ಹೋದೆ. ಬೆನ್ನಿನಿಂದ ಹಿಡಿ, ಕೆಳಗ ಬಾ, ಈಗ ಹೊರಗ ತಿರುಗಿಸು. ಅಷ್ಟು ವರ್ಷ ನೋಡದ ಪರದೆಯನ್ನು ನೋಡಿಕೊಂಡೇ ಹೇಳುವಂತಿತ್ತು.

“ಆ ಸೊಟ್ಟ ಗರಿ ತೆಗೆದಿಯಾ?”

“ತೆಗದೆ,” ಅಂದೆ. ತೆಗೆದಿರಲಿಲ್ಲ, ತೆಗೆಯುವುದೂ ಇಲ್ಲ.

ನವಿಲನ್ನು ಸೇವ್ ಮಾಡಿ ಮಷಿನ್ನಿಗೆ ಹಾಕಿ, ಕೆಂಪು ಬ್ಲೌಸ್ ಪೀಸ್ ಕಟ್ಟಿ ಓಡಲು ಬಿಟ್ಟೆ. ಪತ್ತಿಕೊಂಡಕ್ಕೆ ಕಳಿಸುವ ಬ್ಲೌಸು. ಉದಯ ನನ್ನ ಮುಖ ನೋಡಿದ, ಹೂಂ ಎಂದು ತಲೆ ಆಡಿಸಿದೆ. ಅವನು ಒಳಗಿನ ಕಂಪ್ಯೂಟರ್ ಆರಿಸುವಾಗ ನಾನು ಆ ಕಡೆ ತಿರುಗಲಿಲ್ಲ.

“ಫೋನ್ ಇಡ್ಲೇನು?” ಎಂದೆ.

“ಇಡಬ್ಯಾಡ. ಮಷಿನ್ ಹತ್ರ ಹಿಡಿ. ಆ ಸಪ್ಪಳ ಕೇಳಿ ಎಷ್ಟು ದಿನ ಆತು.”

ಹಿಡಿದೆ. ಆ ಕಡೆ ಕುಕ್ಕರ್ ಕೂಗಿತು, ಯಾವುದೋ ಮಗು ಅಮ್ಮಾ ಎಂದು ಕರೆಯಿತು, ಆಕೆ ಏಳಲಿಲ್ಲ. ಕಾಲು ಬಂತು, ಕುತ್ತಿಗೆ ಬಂತು, ಸೊಟ್ಟ ಗರಿಯ ಪಕ್ಕ ನನ್ನ ಗರಿಗಳು ಬಂದವು. ದಾರ ಕತ್ತರಿಸಿ ಮಷಿನ್ ನಿಂತಿತು.

“ಮುಗೀತಾ?” ಅಂದಳು.

“ಇಲ್ಲ. ಇನ್ನೊಂದು ಗರಿ ಐತಿ.”

ಮಷಿನ್ ನಿಂತದ್ದು ಆಕೆಗೂ ಕೇಳಿಸಿತ್ತು.

“ಆಗ್ಲಿ,” ಅಂದಳು. “ಆಗೋತನಕ ಇರ್ತೀನಿ.”